ಮೂರರಲ್ಲೊಂದು ಪಾಲು ನೀರು

ಬಹಳ ಹಿಂದೆ, ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡಿರದ ಕಾಲದಲ್ಲಿ, ಸುಣ್ಣದ ಬೆಟ್ಟದ ತಪ್ಪಲಲ್ಲಿ ಬಿಳಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಒಬ್ಬಳೇ ಮಗಳು, ಸುಗುಣಾವತಿ. ಕಾಳಾಂಜನನೆಂಬ ಮಾಂತ್ರಿಕ ಅವಳನ್ನು ಮದುವೆಯಾಗುತ್ತೇನೆಂದು ಬಂದ. ಅವಳು ಒಲ್ಲೆ ಎಂದಳು. ಮಾಂತ್ರಿಕ ಅವಳನ್ನು ಹೆಬ್ಬೆರಳುದ್ದದ ಚಿನ್ನದ ಮೀನಾಗಿಸಿ ಗಾಜಿನ ಕೊಪ್ಪರಿಗೆಯಲ್ಲಿ ಬಿಟ್ಟ.

"ಮೂರು ಹುಣ್ಣಿಮೆ ಇದರಲ್ಲೇ ಬದುಕಿದರೆ ಮಗಳು ನಿನ್ನವಳು. ಸತ್ತರೆ ರಾಜ್ಯ ನನ್ನದು" ಎಂದು ಹೇಳಿ ಹೊಗೆಯಾಗಿ ಹೋದ.

ರಾಜ ನಡುಗಿಹೋದ. ದಿನಾ ಬೆಳಗ್ಗೆ ಹಳೆಯ ನೀರನ್ನೆಲ್ಲ ಚೆಲ್ಲಿಸಿ, ಗಾಜನ್ನು ಬೂದಿ ಹಾಕಿ ಉಜ್ಜಿಸಿ, ಬಾವಿಯ ಹೊಸ ನೀರು ತುಂಬಿಸಿದ. ನೀರೇನೋ ಕನ್ನಡಿಯಂತಿತ್ತು. ಮೀನು ಮಾತ್ರ ಬಣ್ಣಗೆಟ್ಟು, ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು.

ಅರಮನೆಗೆ ನೀರು ಹೊರುವ ಚಿಕ್ಕತಾಯಿಗೆ ಅದನ್ನು ನೋಡಲಾಗಲಿಲ್ಲ. ಅವಳು ಏಳು ಬೆಟ್ಟದಾಚೆಯ ಬೆಸ್ತರ ಮಗಳು, ಮದುವೆಯಾಗಿ ಇಲ್ಲಿಗೆ ಬಂದವಳು. ತವರಿನ ನೀರಲ್ಲಿ ಎರಡು ಕುದಿಗೆ ಕರಗುತ್ತಿದ್ದ ಬೇಳೆ ಇಲ್ಲಿಯ ಸುಣ್ಣದ ನೀರಲ್ಲಿ ಕಲ್ಲಿನಂತೆ ಕೂತಾಗ ಒಲೆಯ ಮುಂದೆ ಅತ್ತವಳು.

"ಬುದ್ಧೀ, ಮಗಳಿಗೆ ದಿನಕ್ಕೊಂದು ಹೊಸ ಊರು ತೋರಿಸ್ತಿದ್ದೀರಿ. ಯಾವ ಊರಿಗೂ ಹೊಂದಿಕೊಳ್ಳೋಕೆ ಪುರುಸೊತ್ತು ಕೊಟ್ಟಿಲ್ಲ" ಎಂದಳು.

"ನೀರು ಹೊರೋಳು ರಾಜರಿಗೇ ಪಾಠ ಹೇಳ್ತಾಳಲ್ಲಪ್ಪ!" ಎಂದು ಮಂತ್ರಿ ನಕ್ಕ.

"ಹೊತ್ತ ತಲೆ ಇದು ಸ್ವಾಮಿ. ಕುಡಿದ ಬಾಯಿಗಿಂತ ಜಾಸ್ತಿ ಗೊತ್ತು."

ರಾಜ ಕೊಪ್ಪರಿಗೆಯನ್ನು ಅವಳ ಕೈಗೊಪ್ಪಿಸಿದ.

ಚಿಕ್ಕತಾಯಿ ಕೆರೆಯ ಬೆಣಚುಕಲ್ಲುಗಳನ್ನು ತೊಳೆಯದೆ ತಂದು ಹಾಸಿದಳು. "ಈ ಲೋಳೆ ಉಜ್ಜಬೇಡಿ. ಮೀನಿನ ಹೊಲಸು ತಿಂದು ನೀರು ಕಾಯೋ ಕಾಣದ ಜೀವಗಳು ಇದರೊಳಗಿವೆ" ಎಂದಳು. ನೀರುಬಳ್ಳಿ ನೆಟ್ಟಳು, ಒಂದು ಬಸವನಹುಳು ಬಿಟ್ಟಳು. ಎಂಟು ದಿನಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ತೆಗೆದು, ಮಡಕೆಯಲ್ಲಿ ಒಂದು ದಿನ ತಂಗಿದ ನೀರನ್ನು ಅಷ್ಟೇ ತುಂಬಿದಳು. ಮೀನಿಗೆ ಬಣ್ಣ ಬಂತು.

ಮೊದಲ ಹುಣ್ಣಿಮೆಗೆ ಮುನ್ನ ಕಾಳಾಂಜನ ಅಡುಗೆಯವನಾಗಿ ಬಂದ. ಚಿಕ್ಕತಾಯಿ ಕೆರೆಗೆ ಹೋಗಿದ್ದಾಗ ತುಪ್ಪದನ್ನವನ್ನು ಬೊಗಸೆ ಬೊಗಸೆ ಸುರಿದು ಹೋದ. ಅವಳು ಬಂದು ನೀರಿಗೆ ಮೂಗಿಟ್ಟಳು. ಕೊಳೆತ ವಾಸನೆ. ಬಟ್ಟೆಯಲ್ಲಿ ಅನ್ನ ಸೋಸಿ ತೆಗೆದಳು, ಒಂದು ಪಾಲು ನೀರು ಬದಲಿಸಿದಳು. ಮೀನು ಉಳಿಯಿತು.

ಎರಡನೆಯ ಹುಣ್ಣಿಮೆಗೆ ಮುನ್ನ ಅವನು ಸನ್ಯಾಸಿಯಾಗಿ ಬಂದ. "ಏಳು ನದಿಗಳ ತೀರ್ಥ! ಸುರಿಯಿರಿ!" ಎಂದು ಕಮಂಡಲ ಚಾಚಿದ. ರಾಜ ಆಗಲೇ ಕೈಮುಗಿದು ನಿಂತಿದ್ದ.

"ಒಂಚೂರು ತಡೀರಿ" ಎಂದು ಚಿಕ್ಕತಾಯಿ ಒಂದು ಸೌಟಿಗೆ ಕೊಪ್ಪರಿಗೆಯ ನೀರು, ಇನ್ನೊಂದಕ್ಕೆ ತೀರ್ಥ ತೆಗೆದು, ಎರಡರಲ್ಲೂ ಕೆಂಪು ದಾಸವಾಳದ ಎಸಳು ಕಿವುಚಿದಳು. ಕೊಪ್ಪರಿಗೆಯ ನೀರು ನೇರಳೆಗೆ ತಿರುಗಿತು. ತೀರ್ಥ ಹಸಿರಾಯಿತು.

"ದಾಸವಾಳ ಇಷ್ಟು ಹಸಿರಾಗೋದು ಗಟ್ಟಿ ಸುಣ್ಣಕ್ಕೇ. ಇದು ತೀರ್ಥವಲ್ಲ ಸ್ವಾಮಿ, ಸುಣ್ಣದ ತಿಳಿ. ವೀಳ್ಯದೆಲೆಗೆ ಸವರಿಕೊಳ್ಳಿ."

ಸನ್ಯಾಸಿ ಹಲ್ಲು ಕಡಿದು ಹೊಗೆಯಾದ.

ಮೂರನೆಯ ಹುಣ್ಣಿಮೆಯ ದಿನ ಅವನು ಯಾವ ವೇಷದಲ್ಲೂ ಬರಲಿಲ್ಲ. ವಿಷವಾಗಿ ನೀರಿನಲ್ಲೇ ಕರಗಿ ಕೂತ. ಬೆಳಗ್ಗೆ ಚಿಕ್ಕತಾಯಿ ಮೂಗಿಟ್ಟಳು, ವಾಸನೆಯಿಲ್ಲ. ದಾಸವಾಳ ಕಿವುಚಿದಳು, ನೇರಳೆಯೇ.

"ಎಲ್ಲ ಸರಿಯಾಗಿದೆಯಲ್ಲ!" ಎಂದ ರಾಜ.

ಆದರೆ ಇಷ್ಟು ದಿನ ಕಲ್ಲು ಬಿಟ್ಟು ಕದಲದ ಬಸವನಹುಳು ಗಾಜು ಹತ್ತಿ, ನೀರಿನಿಂದ ಹೊರಗೆ, ಅಂಚಿನ ಮೇಲೆ ಕೂತಿತ್ತು.

"ಇಲ್ಲ ಬುದ್ಧಿ. ಒಳಗಿದ್ದೋರೇ ಮನೆ ಬಿಟ್ಟು ಬಂದಿದ್ದಾರೆ" ಎಂದಳು ಚಿಕ್ಕತಾಯಿ.

ಮೀನು ಒಂದು ಕಡೆಗೆ ವಾಲಿತು. ನೀರೊಳಗಿಂದ ನಗು ಕೇಳಿಸಿತು. "ಗೊತ್ತಾಯಿತೇನೇ ನೀರಿನವಳೇ? ಇಲ್ಲಿದ್ದೇನೆ! ಧೈರ್ಯವಿದ್ದರೆ ಎಲ್ಲವನ್ನೂ ಒಂದೇ ಸಲ ಚೆಲ್ಲು!"

ರಾಜ ಕೊಪ್ಪರಿಗೆ ಎತ್ತಿಯೇಬಿಟ್ಟ. ಚಿಕ್ಕತಾಯಿ ಅವನ ಮಣಿಕಟ್ಟು ಹಿಡಿದಳು. ಹುಟ್ಟಿದಾಗಿನಿಂದ ಯಾರೂ ಅವನ ಕೈ ಹಾಗೆ ಹಿಡಿದಿರಲಿಲ್ಲ.

"ಎಲ್ಲ ಚೆಲ್ಲಿದರೆ ಅವನ ಜೊತೆಗೆ ಮಗಳೂ ಹೋಗ್ತಾಳೆ. ಅವನು ಕೇಳೋದೂ ಅದನ್ನೇ. ಇಳಿಸಿ ಬುದ್ಧಿ."

ರಾಜ ಇಳಿಸಿದ. ಅವಳು ಒಂದು ಪಾಲು ನೀರು ತೆಗೆದು ಅಂಗಳದ ಬಾಳೆಯ ಬುಡಕ್ಕೆ ಸುರಿದಳು. ಮಡಕೆಯ ನೀರನ್ನು ಬಟ್ಟೆಯ ಬತ್ತಿಯಿಂದ ತೊಟ್ಟು ತೊಟ್ಟಾಗಿ ಇಳಿಬಿಟ್ಟಳು. ರಾಜ ಚಡಪಡಿಸಿದ, ಅವಳು ಕದಲಲಿಲ್ಲ. ಮಧ್ಯಾಹ್ನ ಇನ್ನೊಂದು ಪಾಲು ತೆಗೆದಳು. ಮಾಂತ್ರಿಕನ ದನಿ ಗೊಗ್ಗರಾಯಿತು. ಇಳಿಹೊತ್ತಿಗೆ ಮತ್ತೊಂದು ಪಾಲು. ದನಿ ಸೊಳ್ಳೆಯಷ್ಟಾಯಿತು. ಅಳಿದುಳಿದದ್ದನ್ನು ಕಲ್ಲಿನ ಲೋಳೆಯ ಕಾಣದ ಜೀವಗಳು ತಿಂದು ಮುಗಿಸಿದವು. ಬಸವನಹುಳು ಮೆಲ್ಲಗೆ ಕೆಳಗಿಳಿಯಿತು.

ಚಂದ್ರ ಮೂಡಿದ. ಕೊಪ್ಪರಿಗೆಯ ಪಕ್ಕದಲ್ಲಿ ಸುಗುಣಾವತಿ ತೊಯ್ದು ತೊಪ್ಪೆಯಾಗಿ ನಿಂತಿದ್ದಳು, ಜಡೆಯಲ್ಲಿ ನೀರುಬಳ್ಳಿ. ರಾಜ ಮಗಳನ್ನು ತಬ್ಬಿಕೊಂಡು ಎಷ್ಟು ಹೊತ್ತಾದರೂ ಬಿಡಲಿಲ್ಲ.

ಆಮೇಲೆ ಚಿಕ್ಕತಾಯಿ ತಲೆ ಒರೆಸುತ್ತಿದ್ದಾಗ ಸುಗುಣಾವತಿ ಕೇಳಿದಳು: "ನಿನಗೆ ಈ ಊರಿನ ನೀರು ಹೊಂದಿತೇ?"

ಚಿಕ್ಕತಾಯಿ ಜಡೆಯಿಂದ ನೀರುಬಳ್ಳಿ ಬಿಡಿಸಿ ಕೊಪ್ಪರಿಗೆಗೆ ಹಾಕಿದಳು.

"ಹೊಂದಿತು ತಾಯಿ. ಆದರೆ ನನ್ನೊಳಗೆ ಒಂದು ಪಾಲು ತವರಿನದೇ ಉಳಿದಿದೆ. ಅದನ್ನು ಚೆಲ್ಲಲಿಲ್ಲ, ಅದಕ್ಕೇ ನಾನು ಬದುಕಿದೆ."

ಆ ವರ್ಷ ಅಂಗಳದ ಬಾಳೆ ಆಳುದ್ದದ ಗೊನೆ ಬಿಟ್ಟಿತು. ಊರೆಲ್ಲ ಹಂಚಿಕೊಂಡು ತಿಂದಿತು. ಕೊಂಚ ಒಗರು ಎಂದು ಮಂತ್ರಿ ಗೊಣಗಿದನಂತೆ. ಗೊಣಗಿದವನೂ ಸುಖವಾಗಿದ್ದ, ತಿಂದವರೂ ಸುಖವಾಗಿದ್ದರು, ಬಸವನಹುಳು ಕಲ್ಲಿನ ಮೇಲೆ ತನ್ನ ಪಾಡಿಗೆ ತಾನಿತ್ತು.