ಓವನ್ನಿಗೆ ಹೋಗದ ಮೊಟ್ಟೆಗಳು

ನೀವು ನಂಬಿ, ಬಿಡಿ, ಇದು ನಡೆದದ್ದು ಹಾಡಹಗಲೇ, ನಮ್ಮ ಅಡುಗೆಮನೆಯ ಮೇಜಿನ ಮೇಲೆ.

ಪಾಲಿಮರ್ ಕ್ಲೇಯಲ್ಲಿ ಪುಟ್ಟ ಡೈನೋಸಾರ್ ಮಾಡುವುದು ನನ್ನ ಹುಚ್ಚು. ಆ ಮಣ್ಣು ಓವನ್ನಿನಲ್ಲಿ ಬೇಯುವವರೆಗೂ ಮೆತ್ತಗೇ ಇರುತ್ತದೆ. ಪ್ರದರ್ಶನವೊಂದಕ್ಕೆ ಮೊದಲ ಸಲ ನನ್ನನ್ನು ಕರೆದಿದ್ದರು; ಸಂಜೆ ಐದರೊಳಗೆ ಗೊಂಬೆ ತಲುಪಬೇಕಿತ್ತು. ತಾಯಿ ಡೈನೋಸಾರನ್ನು ಬೆಳಿಗ್ಗೆಯೇ ಬೇಯಿಸಿ, ಆರಿಸಿ, ಒಣಹುಲ್ಲಿನ ಗೂಡಿನಲ್ಲಿ ಕೂರಿಸಿದ್ದೆ. ನಾಲ್ಕಕ್ಕೆ ನೆನಪಾಯಿತು: ಗೂಡಿನಲ್ಲಿಟ್ಟಿದ್ದ ಐದು ಮಣ್ಣಿನ ಮೊಟ್ಟೆಗಳನ್ನು ಬೇಯಿಸುವುದೇ ಮರೆತುಹೋಗಿತ್ತು.

"ಅಕ್ಕಾ, ಕೆಟ್ಟೆ ಕಣೇ! ಮೊಟ್ಟೆ ಎಲ್ಲಾ ಹಸಿ!"

"ತಾಯೀನೇ ಕಾವಿಗೆ ಕೂತಿದಾಳಲ್ಲೇ, ನಿಂಗೇನು ಚಿಂತೆ?" ಅಕ್ಕ ನಕ್ಕಳು.

ತಾಯಿಯನ್ನು ಮೆಲ್ಲಗೆ ಎತ್ತಿದೆ. ಅವಳ ಹೊಟ್ಟೆ ತಣ್ಣಗಿತ್ತು, ಮೊಟ್ಟೆಗಳು ಬೆಚ್ಚಗಿದ್ದವು. ಉಗುರು ಒತ್ತಿದರೂ ಗುರುತು ಬೀಳಲಿಲ್ಲ.

"ನೀನೇ ಬೇಯಿಸಿ ಮರ್ತಿರ್ತೀಯಾ ಬಿಡೇ." ಅಕ್ಕನ ದನಿ ಯಾಕೋ ಇಳಿದಿತ್ತು.

ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ. ಆದರೆ ಜಾಗ ಸಾಲದೆ ಒಂದು ಮೊಟ್ಟೆಯನ್ನು ಗೂಡಿನ ಅಂಚಿಗೆ ಇಟ್ಟಿದ್ದೆ. ಅದನ್ನು ಮುಟ್ಟಿದರೆ ಬೆರಳು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಪ್ರದರ್ಶನಕ್ಕೆ ಹೋಗಲಿಲ್ಲ. ಆ ಮೊಟ್ಟೆಯನ್ನು ಅವಳ ಹೊಟ್ಟೆಯಡಿ ಸರಿಸಿ, ಕುರ್ಚಿ ಎಳೆದುಕೊಂಡು ಕೂತೆ. ಏಳರ ಹೊತ್ತಿಗೆ ಅದೂ ಕಲ್ಲಾಗಿತ್ತು, ನನ್ನ ಬೆರಳಿನ ಕುಳಿಯ ಸಮೇತ.