ಅರ್ಧ ಸುತ್ತು

ದಾಸಪ್ಪ ತಾತ ಹಿಡಿಯನ್ನು ತಿರುಗಿಸಿದಾಗ ಬೂಟು ಕಿರ್ ಎಂದಿತು. ಜೈನಾಬ್ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

"ಹರಿದುಹೋಗುತ್ತೆ ತಾತ," ಅಂದಳು.

"ಇಲ್ಲ ಕಣಮ್ಮ. ನೀರಲ್ಲಿ ನೆನೆದಿರೋ ಚರ್ಮ ಇದು. ಮೆಲ್ಲಗೆ ಹೇಳಿದ್ರೆ ಮಾತು ಕೇಳ್ತದೆ."

ಬೂಟಿನೊಳಗೆ ಒಂದು ಮರದ ಪಾದವಿತ್ತು. ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿ ನಡುವೆ ಕಬ್ಬಿಣದ ತಿರುಪು ಹಾಕಿದ್ದರು. ಹಿಮ್ಮಡಿಯ ಕಡೆ ಒಂದು ಹಿಡಿ. ಹಿಡಿ ತಿರುಗಿಸಿದ ಹಾಗೆಲ್ಲ ಹೋಳುಗಳು ದೂರ ಸರಿದು ಒಳಗಿನಿಂದ ಚರ್ಮವನ್ನು ನೂಕುತ್ತಿದ್ದವು. ತಾತ ಅದನ್ನು ಮಿಷನ್ ಎನ್ನುತ್ತಿದ್ದರು. ಕರೆಂಟಿಲ್ಲ, ಚಕ್ರವಿಲ್ಲ, ಇದೆಂಥ ಮಿಷನ್ ಎಂದು ಬೇರೆ ದಿನವಾಗಿದ್ದರೆ ಜೈನಾಬ್ ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಬೂಟು ಅವಳ ಅಬ್ಬಾನದು.

ಅವಳ ಅಬ್ಬಾ ಮೆಹಬೂಬ್ ಪಾಷಾ ಯಶವಂತಪುರದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಜನವರಿಯಲ್ಲಿ ಎದೆನೋವು ಬಂದು ತೀರಿಕೊಂಡರು. ಅವರ ಕೆಲಸವನ್ನು ಫ್ಯಾಕ್ಟರಿಯವರು ಈಗ ಜೈನಾಬಳ ಅಣ್ಣ ಜಹೀರನಿಗೆ ಕೊಟ್ಟಿದ್ದರು. ಜುಲೈ ಒಂದು, ಶನಿವಾರ ಅವನು ಕೆಲಸಕ್ಕೆ ಸೇರಬೇಕು. ಜಹೀರ್ ಪಿಯುಸಿ ಪಾಸಾಗಿ ಡಿಗ್ರಿ ಕಾಲೇಜಿನ ಅರ್ಜಿ ತಂದು ಇಟ್ಟುಕೊಂಡಿದ್ದ. ಅದನ್ನು ಯಾರಿಗೂ ಹೇಳದೆ ಪೆಟ್ಟಿಗೆಯ ತಳಕ್ಕೆ ಸೇರಿಸಿದ.

ಬೂಟಿಲ್ಲದವರನ್ನು ಫ್ಯಾಕ್ಟರಿ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಹೊಸದು ಬೇಡ, ಅಬ್ಬಾನ ಜಾಗಕ್ಕೆ ಹೋಗುವವನು ಅವರ ಬೂಟಿನಲ್ಲೇ ಹೋಗಲಿ ಎಂದು ಅಮ್ಮಿ ಹಟ ಹಿಡಿದರು. ಆದರೆ ಜಹೀರನ ಪಾದ ಅಬ್ಬಾನದಕ್ಕಿಂತ ಅಗಲ. ಅದಕ್ಕೇ ಅಮ್ಮಿ ಅವನ ಪಾದದ ಗುರುತನ್ನು ಪೇಪರಿನ ಮೇಲೆ ಬರೆದು, ಬೂಟಿನ ಜೊತೆ ಜೈನಾಬಳನ್ನು ತಾತನ ಅಂಗಡಿಗೆ ಕಳಿಸಿದ್ದರು. ಮಾರ್ಕೆಟ್ಟಿನ ಪಕ್ಕದ ಆ ತಗಡಿನ ಅಂಗಡಿ ಅವಳು ಸ್ಕೂಲಿಗೆ ಹೋಗುವ ದಾರಿಯಲ್ಲೇ ಇತ್ತು. ಆ ಬೂಟನ್ನು ಹೊಲಿದವರೂ ದಾಸಪ್ಪ ತಾತನೇ.

ಬಲಗಾಲಿನ ಬೂಟಿನಲ್ಲಿ, ಕಿರುಬೆರಳು ಬರುವ ಕಡೆ ಚರ್ಮ ಉಬ್ಬಿತ್ತು. ಅಬ್ಬಾ ಹುಡುಗನಾಗಿದ್ದಾಗ ಆ ಬೆರಳಿನ ಮೇಲೆ ಕಬ್ಬಿಣ ಬಿದ್ದು ಮೂಳೆ ಸೊಟ್ಟಗೆ ಕೂಡಿಕೊಂಡಿತ್ತಂತೆ. ಭಾನುವಾರ ಜೈನಾಬ್ ಪಾಲಿಶ್ ಹಾಕುವಾಗ, ಅಲ್ಲಿ ಮೆಲ್ಲಗೆ ಉಜ್ಜು, ನನ್ನ ಬೆರಳು ಮಲಗಿದೆ ಎಂದು ಅಬ್ಬಾ ತಮಾಷೆ ಮಾಡುತ್ತಿದ್ದರು.

ಜೈನಾಬ್ ಆ ಉಬ್ಬನ್ನು ತೋರಿಸಿ, ಇದು ಹೀಗೇ ಇರುತ್ತಾ ಎಂದು ಕೇಳಿದಳು.

"ಅದೆಂಗಿರ್ತದೆ? ಸುತ್ತ ಚರ್ಮ ಎಳೆದ್ಮೇಲೆ ಅದೂ ಓಯ್ತದೆ," ಅಂದರು ತಾತ.

ಜೈನಾಬ್ ಆ ಉಬ್ಬಿನ ಮೇಲೆ ಅಂಗೈ ಮುಚ್ಚಿದಳು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆದ ಮೇಲೆ ಅಮ್ಮಿ ಅಬ್ಬಾನ ಬಟ್ಟೆಗಳನ್ನೆಲ್ಲ ಬಡವರಿಗೆ ಕೊಟ್ಟಿದ್ದರು. ಹಾಗೆ ಕೊಡುವುದು ರೂಢಿ. ಮನೆಯಲ್ಲಿ ಈಗ ಅವರ ಮೈಯ ಗುರುತು ಅಂತ ಉಳಿದಿದ್ದರೆ ಅದು ಈ ಉಬ್ಬು ಮಾತ್ರ.

ದಿನಾ ಬೆಳಿಗ್ಗೆ ಅರ್ಧ ಸುತ್ತು, ಸಂಜೆ ಅರ್ಧ ಸುತ್ತು ತಿರುಗಿಸಿದರೆ ಶುಕ್ರವಾರಕ್ಕೆ ರೆಡಿ ಎಂದು ತಾತ ಹೇಳಿದರು.

ಮರುದಿನ ಬುಧವಾರ ಬೆಳಿಗ್ಗೆ ಜೈನಾಬ್ ಅಂಗಡಿಗೆ ಹೋದಾಗ ತಾತ ಅರ್ಧ ಸುತ್ತು ತಿರುಗಿಸಿ, ಅಂಗಡಿ ನೋಡಿಕೊಂಡಿರು ಎಂದು ಟೀ ಕುಡಿಯಲು ಎದ್ದುಹೋದರು. ಅವಳು ಆ ಕಡೆ ಈ ಕಡೆ ನೋಡಿದಳು. ಬಲಗಾಲಿನ ಬೂಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದಳು. ತಾತ ಬರುವಷ್ಟರಲ್ಲಿ ಏನೂ ಅರಿಯದವಳ ಹಾಗೆ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು.

ಅವತ್ತು ಸಂಜೆಯೂ ಹಾಗೇ ಮಾಡಿದಳು. ಗುರುವಾರವೂ, ಶುಕ್ರವಾರವೂ. ಸ್ವಲ್ಪ ಬಿಗಿಯಾದರೆ ಏನಂತೆ, ಬೂಟು ಅಂದ ಮೇಲೆ ಎಲ್ಲರಿಗೂ ಬಿಗಿಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶುಕ್ರವಾರ ಸಂಜೆ ತಾತ ಮರದ ಪಾದಗಳನ್ನು ಹೊರಗೆಳೆದರು. ಬಲಗಾಲಿನ ಬೂಟಿನೊಳಗೆ ಕೈಯಿಟ್ಟು ನೋಡಿದರು. ಜೈನಾಬಳ ಮುಖವನ್ನೂ ಒಮ್ಮೆ ನೋಡಿದರು. ಬೂಟುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಉಬ್ಬು ಹಾಗೇ ಇತ್ತು.

ಶನಿವಾರ ಬೆಳಿಗ್ಗೆ ಜಹೀರ್ ಹೊಸಿಲ ಮೇಲೆ ಕೂತು ಬೂಟು ಹಾಕಿಕೊಂಡ. ಬಲಗಾಲನ್ನು ತೂರಿಸುವಾಗ ಅವನ ದವಡೆ ಬಿಗಿಯಾಯಿತು.

"ಸರಿಯಾಗಿದೆಯೇನಪ್ಪಾ?" ಎಂದು ಅಮ್ಮಿ ಕೇಳಿದರು.

"ಸರಿಯಾಗಿದೆ ಅಮ್ಮಿ," ಅಂದ ಜಹೀರ್.

ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ನಕ್ಕಿದ್ದನ್ನು ಕಂಡು ಜೈನಾಬಳಿಗೆ ತಾನು ಮಾಡಿದ್ದು ತಪ್ಪೇನಲ್ಲ ಅನಿಸಿತು.

ಸಂಜೆ ಅವಳು ಹಿಟ್ಟಿನ ಗಿರಣಿಯ ಹತ್ತಿರ ಅಣ್ಣನಿಗಾಗಿ ಕಾಯುತ್ತಿದ್ದಳು. ಬಸ್ ಸ್ಟಾಪಿನ ಕಡೆಯಿಂದ ಜಹೀರ್ ಬಂದ. ಬಲಗಾಲನ್ನು ನೆಲಕ್ಕೆ ಪೂರ್ತಿ ಊರದೆ, ಗೋಡೆ ಹಿಡಿದುಕೊಂಡು ಬರುತ್ತಿದ್ದ. ಅವಳನ್ನು ಅವನು ಗಮನಿಸಲೇ ಇಲ್ಲ. ತಿರುವಿನಲ್ಲಿ ನಿಂತು ಉಸಿರೆಳೆದುಕೊಂಡ. ಅಲ್ಲಿಂದ ಮುಂದೆ, ಬಾಗಿಲಲ್ಲಿ ಅಮ್ಮಿ ನಿಂತಿರುವುದು ಕಾಣುತ್ತಿದ್ದಂತೆ, ನೆಟ್ಟಗೆ ನಡೆದ.

ಜೈನಾಬ್ ಹಿಂದೆಯೇ ಓಡಿದಳು. ಜಹೀರ್ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತು ಕಾಲುಚೀಲ ಬಿಚ್ಚುತ್ತಿದ್ದ. ಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ಎಳೆದಾಗ ರಕ್ತ ಕಂಡಿತು. ಹೆಬ್ಬೆರಳಿನ ಬುಡ ಪೂರ್ತಿ ಸುಲಿದುಹೋಗಿತ್ತು.

"ಅಮ್ಮಿಗೆ ಹೇಳ್ಬೇಡ," ಅಂದ ಅವನು. "ನನ್ನ ಪಾದಾನೇ ದಪ್ಪ ಕಣೇ. ಬೂಟಿಂದೇನೂ ತಪ್ಪಿಲ್ಲ."

ಜೈನಾಬಳಿಗೆ ಅಳು ತಡೆಯಲಾಗಲಿಲ್ಲ. "ತಪ್ಪು ನಂದು ಭಾಯ್. ತಾತ ತಿರುಗಿಸಿದ್ದನ್ನೆಲ್ಲ ನಾನು ವಾಪಸ್ ತಿರುಗಿಸಿಬಿಟ್ಟೆ."

"ಯಾಕೆ?"

ಅವಳು ಆ ಉಬ್ಬನ್ನು ತೋರಿಸಿದಳು.

ಜಹೀರ್ ಬೈಯುತ್ತಾನೆ ಅಂದುಕೊಂಡಿದ್ದಳು. ಅವನು ಬೂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಆ ಉಬ್ಬನ್ನು ಕೈಯಿಂದ ಸವರಿದ.

"ಬೂಟಲ್ಲಿ ಅದೊಂದು ಜಾಗದಲ್ಲಿ ಮಾತ್ರ ನನಗೆ ನೋವಾಗ್ಲಿಲ್ಲ," ಅಂದ. "ದಿನವೆಲ್ಲ ಫ್ಯಾಕ್ಟರಿ ಮಿಷನ್ ಮುಂದೆ ನಿಂತು ಕಿರುಬೆರಳನ್ನ ಅಲ್ಲೇ ಇಟ್ಕೊಂಡಿದ್ದೆ. ಅಬ್ಬಾ ಪಕ್ಕದಲ್ಲೇ ಇದಾರೆ ಅನ್ಸೋದು."

ಅವನು ಕಲ್ಲಿನಿಂದ ಎದ್ದ. ಮುಖ ತೊಳೆಯುವ ನೆಪದಲ್ಲಿ ನೀರಿನ ತೊಟ್ಟಿಯ ಮೇಲೆ ಬಗ್ಗಿದ. ಜಹೀರ್ ಭಾಯ್‌ಗೂ ಅಬ್ಬಾ ಬೇಕು ಅಂತ ಇಷ್ಟು ದಿನ ಜೈನಾಬ್ ಯೋಚಿಸಿಯೇ ಇರಲಿಲ್ಲ. ಅವನು ದೊಡ್ಡವನು, ಅವನಿಗೇನೂ ಆಗುವುದಿಲ್ಲ ಅಂದುಕೊಂಡಿದ್ದಳು.

ಮಾರನೆಯ ದಿನ ಭಾನುವಾರ. ಜಹೀರನಿಗೆ ರಜೆ. ಅಮ್ಮಿ ಏಳುವ ಮೊದಲೇ ಜೈನಾಬ್ ಬೂಟುಗಳನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಯ ಮುಂದೆ ನಿಂತಿದ್ದಳು. ತಾತ ಬಾಗಿಲು ತೆಗೆಯುತ್ತಿದ್ದಂತೆ ನಡೆದಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಅಣ್ಣನ ಕಾಲಿನ ರಕ್ತವನ್ನೂ ಹೇಳಿದಳು.

"ನೀನು ತಿರುಗಿಸಿದ್ದು ನಂಗೊತ್ತಿತ್ತು ಕಣಮ್ಮ," ಅಂದರು ತಾತ. "ನಲವತ್ತು ವರ್ಷದಿಂದ ಇಡ್ಕಂಡಿರೋ ತಿರುಪು. ಎಲ್ಲಿ ಬಿಟ್ಟಿದ್ದೆ ಅಂತ ಕೈಗೆ ಗೊತ್ತಾಯ್ತದೆ."

"ಮತ್ತೆ ಯಾಕೆ ಬೈಲಿಲ್ಲ?"

"ಅಪ್ಪನ ಬೂಟು ಅಂತ ಮಗು ಆಸೆಪಡ್ತದೆ, ಎಂಗೆ ಬೇಡ ಅನ್ಲಿ ಅಂತ ಸುಮ್ಕಾದೆ. ನಿಮ್ಮಣ್ಣನ ಕಾಲಿನ ಯೋಚ್ನೆ ನಾನೂ ಮಾಡ್ಲಿಲ್ಲ. ನಂದೂ ತಪ್ಪೇಯ."

ತಾತ ಒದ್ದೆ ಬಟ್ಟೆಯನ್ನು ಬೂಟಿನೊಳಗೆ ತುರುಕಿ ಚರ್ಮ ನೆನೆಸಿದರು. ಇವತ್ತೊಂದೇ ದಿನ ಇರುವುದರಿಂದ ಗಂಟೆಗೊಮ್ಮೆ ತಿರುಗಿಸಬೇಕು ಅಂದರು. ಮರದ ಪಾದವನ್ನು ತೂರಿಸಿ, ಕೈಯನ್ನು ಹಿಡಿಯ ಹತ್ತಿರ ಒಯ್ದರು.

"ನಾನು ತಿರುಗಿಸ್ತೀನಿ ತಾತ," ಅಂದಳು ಜೈನಾಬ್.

ತಾತ ಅವಳನ್ನೇ ನೋಡಿ, ಬೂಟನ್ನು ಅವಳ ಮಡಿಲಲ್ಲಿ ಇಟ್ಟರು.

ಜೈನಾಬ್ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಹಿಂದಕ್ಕೆ ತಿರುಗಿಸುವಾಗ ಸಲೀಸಾಗಿದ್ದ ತಿರುಪು ಮುಂದಕ್ಕೆ ತಿರುಗಿಸುವಾಗ ಅಲ್ಲಾಡಲೇ ಇಲ್ಲ. ಅವಳು ಹಲ್ಲು ಕಚ್ಚಿ ಬಲವೆಲ್ಲ ಹಾಕಿದಳು. ಚರ್ಮ ಕಿರ್ ಎಂದಿತು. ಅವಳು ಬೆಚ್ಚಲಿಲ್ಲ. ಉಬ್ಬಿನ ಸುತ್ತ ಇದ್ದ ಸಣ್ಣ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಉಬ್ಬು ತುಸು ತಗ್ಗಿತು.

ಅವಳ ಕಣ್ಣು ತುಂಬಿ ಬೂಟು ಮಂಜಾಗಿ ಕಾಣಿಸಿತು. ತೋಳಿನಿಂದ ಕಣ್ಣೊರೆಸಿಕೊಂಡು ಜಹೀರನ ಪಾದದ ಗುರುತಿದ್ದ ಪೇಪರನ್ನು ಬಿಡಿಸಿದಳು. ಬೂಟನ್ನು ಅದರ ಮೇಲಿಟ್ಟು ನೋಡಿದಳು. ಹೆಬ್ಬೆರಳಿನ ಕಡೆ ಗೆರೆ ಇನ್ನೂ ಹೊರಗೇ ಕಾಣುತ್ತಿತ್ತು.

"ಇಷ್ಟು ಸಾಲದು ತಾತ. ಭಾಯ್‌ಗೆ ಇನ್ನೂ ಜಾಗ ಬೇಕು," ಅಂದಳು.