ಬಿಸಿಲಿಗಿಟ್ಟ ಮೆಣಸು

ಬಾಗಿಲು ತೆರೆದರೆ ಎದುರಿಗೆ ಒಬ್ಬ ನಿಂತಿದ್ದ. ಅವನ ಬಿಳಿ ಅಂಗಿಯ ತುಂಬ ಮಣ್ಣುನೀರಿನ ಕಲೆ!

ಮಂದಾಕಿನಿ ನಾಲಿಗೆ ಕಚ್ಚಿಕೊಂಡಳು. ಬಾಲ್ಕನಿಯ ಗಿಡಗಳಿಗೆ ಅವಳು ಈಗಷ್ಟೇ ನೀರು ಹಾಕಿದ್ದಳು. ಕೆಳಗಿನ ಫ್ಲ್ಯಾಟಿಗೆ ಹೊಸದಾಗಿ ಬಂದವನು ಇವನೇ ಇರಬೇಕು...

ಅವನು ಹರಕುಮುರುಕು ಹಿಂದಿಯಲ್ಲಿ ದೂರು ಹೇಳಿದ. ಅವಳೂ ಹಿಂದಿಯಲ್ಲೇ ತಪ್ಪಾಯಿತೆಂದಳು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಬಾಯಿ ಕೇಳಬೇಕಲ್ಲ!

“ಮುಖ ನೋಡು, ಹರಳೆಣ್ಣೆ ಕುಡಿದ ಹಾಗೆ ಉಂಟು,” ಎಂದು ಗೊಣಗಿದಳು.

“ಹರಳೆಣ್ಣೆ ಅಲ್ರಿ. ವಟ್ವಾದ ಬಣ್ಣದ ಫ್ಯಾಕ್ಟರಿ ಗಾಳಿ ಕುಡಿದು ಹಿಂಗಾಗೈತೆ.”

ಕನ್ನಡ! ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ಅದೂ ತಮ್ಮ ಮೆಟ್ಟಿಲ ಮೇಲೆ! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಅವನು ಮಾತ್ರ ನಗುತ್ತ ಇಳಿದುಹೋದ.

ಹಾಲೇಶ ದಾವಣಗೆರೆಯ ಕಡೆಯವನು. ಮಂದಾಕಿನಿಯದು ಉಡುಪಿ ಕಡೆಯ ಮನೆತನ. ತಂದೆ ಪದ್ಮನಾಭ ಹತ್ತಿರದಲ್ಲೇ ಹೋಟೆಲು ನಡೆಸುತ್ತಿದ್ದರು. ಹೋಟೆಲಿಗೆ ಊಟಕ್ಕೆಂದು ಬರತೊಡಗಿದವನು ಬರುಬರುತ್ತ ಅವಳ ಗಿಡಗಳ ಆರೈಕೆಗೂ ಕೈಹಚ್ಚಿದ. ಹಳೆಯ ಎಣ್ಣೆ ಡಬ್ಬಗಳಲ್ಲಿ ಅರಿಶಿನ, ಶುಂಠಿ, ಬಿಸಿಲಿಗೆ ಕರಿಬೇವು, ಅಡಿಗೆಮನೆಯ ಹಿಂದಿನ ನೆರಳಿನಲ್ಲಿ ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿದ ಒಂದು ಕಾಳುಮೆಣಸಿನ ಬಳ್ಳಿ. ಆ ಬಳ್ಳಿ ಅವಳಿಗೆ ಜೀವ. ತೀರಿಹೋದ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ತಂದು ನೆಟ್ಟದ್ದು.

ಬೇರು ಬಿಡುವಾಗ ಗಿಡ ಸದ್ದು ಮಾಡುವುದಿಲ್ಲ ನೋಡಿ. ಇವರಿಬ್ಬರದೂ ಹಾಗೆಯೇ ಆಯಿತು. ಬಾಯಿಬಿಟ್ಟು ಯಾರೂ ಏನೂ ಹೇಳಲಿಲ್ಲ.

ಬೇಸಿಗೆಯಲ್ಲಿ ಮದುವೆಯೊಂದಕ್ಕೆ ಅವಳು ಊರಿಗೆ ಹೊರಟಳು. ತಂದೆಗೆ ಹೋಟೆಲು ಬಿಟ್ಟು ಬರುವಂತಿಲ್ಲ. ಗಿಡಗಳನ್ನು ನಂಬಿ ಒಪ್ಪಿಸಿದ್ದು ಹಾಲೇಶನಿಗೆ. ಬಳ್ಳಿಯ ಪಕ್ಕದ ನೆರಳಲ್ಲೇ ಮೊಳೆಸಿದ್ದ ಖಾರದ ಸಸಿಗಳು ಆಗಲೇ ಎದ್ದು ನಿಂತಿದ್ದವು. ಆಟೋ ಹತ್ತುವ ಅವಸರದಲ್ಲಿ ಅವಳೆಂದಳು:

“ಹಿಂದೆ ಇರುವ ಮೆಣಸಿನ ಚಟ್ಟಿಯನ್ನು ಟೆರೇಸಿಗೆ ಒಯ್ದು ಬಿಸಿಲಿಗಿಡಿ ಮಾರಾಯ್ರೆ. ನೀರು ಜಾಸ್ತಿ ಬೇಡ.”

ಮರಳಿ ಬಂದಾಗ ಅಮ್ಮನ ಬಳ್ಳಿ ಟೆರೇಸಿನ ಸುಡುಬಿಸಿಲಲ್ಲಿ ಕರಕಲಾಗಿ ನಿಂತಿತ್ತು. ಮುಟ್ಟಿದರೆ ಎಲೆ ಪುಡಿಯಾಗುತ್ತಿತ್ತು...

“ನೀವು ಹೇಳಿದಂಗೇ ಮಾಡಿದೆ ಕಣ್ರೀ,” ಎಂದ ಹಾಲೇಶ, ತಲೆ ತಗ್ಗಿಸಿ.

“ನಾನು ಹೇಳಿದ್ದಾ? ತಪ್ಪಾಯ್ತು ಅಂದಿದ್ದರೆ ಸಹಿಸಿಕೊಳ್ತಿದ್ದೆ. ಸುಳ್ಳು ಹೇಳಬೇಡಿ. ಇನ್ನು ಈ ಮೆಟ್ಟಿಲು ಹತ್ತಬೇಡಿ.”

ಅವನು ಮೆಟ್ಟಿಲಿಳಿದ. ವಡೋದರಾದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಹಿಡಿದು ಹೋಗಿಬಿಟ್ಟ. ಬಳ್ಳಿ ಮತ್ತೆ ಚಿಗುರಲಿಲ್ಲ. ಅದಕ್ಕಿಂತಲೂ ಆ ಸುಳ್ಳೇ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಸುಳ್ಳುಗಾರನಿಗೆ ಮನಸ್ಸು ಕೊಟ್ಟೆನೇ ನಾನು?

ಮಳೆಗಾಲದಲ್ಲಿ ಹೋಟೆಲಿಗೆ ಹೊಸ ಅಡಿಗೆಯವನು ಬಂದ. ಹೆಸರು ವೆಂಕಟಾಚಲ, ಮೈಸೂರು ಸೀಮೆಯವನು. ಸಾಂಬಾರಿಗೆ ಮೆಣಸು ಜಾಸ್ತಿ ಹುರಿಯೆಂದು ಪದ್ಮನಾಭರು ಹೇಳಿ ಗಲ್ಲಾಕ್ಕೆ ಹೋದರು. ಸಿಹಿ ಸಾಂಬಾರಿಗೆ ಒಗ್ಗಿದ ಗುಜರಾತಿ ಗಿರಾಕಿಗಳು ಒಂದೊಂದು ಚಮಚಕ್ಕೂ ಕೆಮ್ಮತೊಡಗಿದರು. ನೋಡಿದರೆ ಪುಣ್ಯಾತ್ಮ ಬೊಗಸೆಗಟ್ಟಲೆ ಕಾಳುಮೆಣಸು ಹುರಿದು ಹಾಕಿದ್ದ!

ಪದ್ಮನಾಭರು ಹೊಟ್ಟೆ ಹಿಡಿದು ನಕ್ಕರು. “ಅವನದ್ದೆಂತ ತಪ್ಪಿಲ್ಲ ಮಗಾ. ನಮ್ಮಲ್ಲಿ ಮೆಣಸು ಅಂದ್ರೆ ಕೆಂಪು ಕಾಯಿ. ಘಟ್ಟದ ಮೇಲಿನವರಿಗೆ ಮೆಣಸು ಅಂದ್ರೆ ಕರಿಯ ಕಾಳು. ನಾವು ಒಳ್ಳೆಮೆಣಸು ಅಂತೇವಲ್ಲ, ಅದು.”

ಮಂದಾಕಿನಿ ನಿಂತಲ್ಲೇ ನಿಂತಳು. ಹಿಂದಿನ ನೆರಳಿನಲ್ಲಿ ಕೆಂಪಿನ ಸಸಿ, ಕರಿಯ ಕಾಳಿನ ಬಳ್ಳಿ ಎರಡೂ ಇದ್ದವು. ತಾನು ಹೇಳಿದ್ದು ಮೆಣಸು... ಅವನಿಗೆ ಕೇಳಿಸಿದ್ದೂ ಮೆಣಸು. ಅವನು ಸುಳ್ಳಾಡಿರಲಿಲ್ಲ.

ತಂದೆಗೆ ಎಲ್ಲವನ್ನೂ ಹೇಳಿ, ಮರುದಿನ ಬೆಳಗಿನ ರೈಲಿಗೆ ವಡೋದರಾಕ್ಕೆ ಹೊರಟಳು.

ಊಟದ ಹೊತ್ತಿಗೆ ಫ್ಯಾಕ್ಟರಿಯ ಗೇಟಿಗೆ ಬಂದ ಹಾಲೇಶನ ಬೆರಳೆಲ್ಲ ನೀಲಿ ಬಣ್ಣ. ಅವಳನ್ನು ಕಂಡು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಕೆಂಪಿನ ಕತೆ, ಕರಿಯ ಕತೆ, ಸಾಂಬಾರಿನ ಕತೆ... ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. “ನಿಮ್ಮನ್ನು ಸುಳ್ಳ ಅಂದೆ. ಬಳ್ಳಿಗಿಂತ ಅದೇ ದೊಡ್ಡ ತಪ್ಪು.”

ಅವನು ಬೆನ್ನ ಹಿಂದಿನ ಕೈಯನ್ನು ಮುಂದಕ್ಕೆ ತಂದ.

“ಎಲೆ ಬಾಡೋದು ಕಾಣ್ತಿತ್ತು ಕಣ್ರೀ. ನೆರಳಿಗೆ ತರೋಣ ಅಂತ ಕೈಯೂ ಹಾಕಿದೆ. ಆದ್ರೆ ಅದು ನಿಮ್ಮಮ್ಮನ ಬಳ್ಳಿ, ನಿಮಗಿಂತ ನನಗೆ ಗೊತ್ತೈತಾ ಅನ್ಸಿತು. ನನ್ ಕಣ್ಣಿಗಿಂತ ನಿಮ್ ಮಾತನ್ನೇ ನಂಬಿದೆ.”

ಅವಳ ಕಣ್ಣು ತುಂಬಿ ಬಂತು. ಇಷ್ಟು ನಂಬಿದವನನ್ನು...

“ಇನ್ನು ಹಾಗೆಲ್ಲ ನಂಬಬೇಡಿ. ಸಂಶಯ ಬಂದರೆ ಕೇಳಿ.”

“ಹಂಗಾದ್ರೆ ಈಗ್ಲೇ ಒಂದು ಕೇಳ್ಲಾ?” ಅವನ ದನಿ ಸಣ್ಣಗಾಯಿತು. “ನಾನು ನಿಮ್ಮಪ್ಪಾರ ಹತ್ರ ಬಂದು ಹೆಣ್ಣು ಕೇಳಿದ್ರೆ, ನೀವೇನಂತೀರಿ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

“ಹೂಂ.”

“ನಿಮ್ಮ ಕಡೆ ಹೂಂ ಅಂದ್ರೆ ಹೂಂ ತಾನೆ?”

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ಅದು ಘಟ್ಟದ ಮೇಲೂ ಕೆಳಗೂ ಒಂದೇ ಮಾರಾಯ್ರೆ.”